ಇಂಗ್ಲಿಷ್ ಪದವರ್ಗಗಳೂ ಕನ್ನಡ ವಿಭಕ್ತಿಯೂ

ಇಂಗ್ಲಿಷಿನ ಎಂಟು ಪದವರ್ಗಗಳನ್ನು ಮಕ್ಕಳಿಂದ ಕಂಠಪಾಠ ಮಾಡಿಸುವ ಪದ್ಧತಿಯನ್ನು ನಾವು ಒಪ್ಪಲಾರೆವು. ಈ ವಿಂಗಡಣೆಯ ಮೂಲವು ಗ್ರೀಕ್ ಹಾಗೂ ಲ್ಯಾಟಿನ್ ವ್ಯಾಕರಣಗಳಲ್ಲಿದೆ. ಸುಮಾರು 1260ರಲ್ಲಿ ಕೇಶಿರಾಜನು ರಚಿಸಿದ ‘ಶಬ್ದಮಣಿದರ್ಪಣ’ದ ದಾರಿಯೇ ಬೇರೆ: ಅಲ್ಲಿ ಗುಣವಾಚಕವು ನಾಮಪ್ರಕರಣದೊಳಗೇ ಅಡಗಿದೆ.

‘ಪ್ರಿಪೊಸಿಷನ್’ ಎಂಬುದನ್ನು ‘ಉಪಸರ್ಗ’ವೆಂದು ಕಲಿಸುವುದು ಇನ್ನೊಂದು ತೊಡಕು. ಸಂಸ್ಕೃತದ ಉಪಸರ್ಗವು ಧಾತುವಿಗೆ ಸೇರತಕ್ಕದ್ದು. ಇಂಗ್ಲಿಷಿನ ‘ಫ್ರಮ್’ ನಾಮಪದಕ್ಕೆ ಸಂಬಂಧಿಸಿದ್ದು. ‘ವೀರನಹೊಸಹಳ್ಳಿಯಿಂದ ಹುಣಸೂರಿಗೆ’ ಎನ್ನುವ ಬಾಲಕನ ನಾಲಗೆಯ ಮೇಲೆ ‘ಇಂದ’, ‘ಗೆ’ ಪ್ರತ್ಯಯಗಳು ಆಗಲೇ ನೆಲಸಿವೆ. ಇಲ್ಲಿ ನಾಮದ ಕೊನೆಗೆ ಹತ್ತುವ ಪ್ರತ್ಯಯದ ಕೆಲಸವನ್ನು ಅಲ್ಲಿ ‘ಫ್ರಮ್’, ‘ಟು’ ಎಂಬ ಪದಗಳು ನಾಮಕ್ಕೆ ಮೊದಲೇ ನಿಂತು ಮಾಡುವುವೆಂದು ಮೊದಲು ತೋರಿಸಬೇಕು. ಹೆಸರನ್ನು ಆಮೇಲೆ ಹೇಳಬಹುದು. ಎಂಟು ಹೆಸರುಗಳನ್ನು ಒಪ್ಪಿಸಿಯೂ ಒಂದು ವಾಕ್ಯವನ್ನು ಕಟ್ಟಲಾರದ ವಿದ್ಯಾರ್ಥಿಯನ್ನು ದಡ್ಡನೆನ್ನುವುದು ನ್ಯಾಯವಲ್ಲ; ದೋಷವು ಪಾಠಕ್ರಮದ್ದು.