ಭಿತ್ತಿಯ ಚಿತ್ರವೂ ಗಣಕದ ಚಿತ್ರವೂ

ಮಂಗಳೂರಿನಲ್ಲಿ ಚಿತ್ರಕಲೆಯ ಪ್ರಸ್ತಾಪ ಬಂದಾಗ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ನೆನೆಯದವರು ವಿರಳ. ಇಟೆಲಿ ದೇಶದ ಯೇಸುಸಭೆಯ ಸಹೋದರ ಅಂತೋನಿಯೋ ಮೊಸ್ಕೇನಿಯು 1899ರಿಂದ 1901ರವರೆಗೆ ಅದರ ಗೋಡೆಗಳನ್ನೂ ಮುಚ್ಚಿಗೆಯನ್ನೂ ಚಿತ್ರಗಳಿಂದ ತುಂಬಿದನು. ಮುಚ್ಚಿಗೆಯವು ಬಟ್ಟೆಯ ಮೇಲೆ ತೈಲವರ್ಣದಿಂದ ಬರೆದವು. ಗೋಡೆಯವು ಹಸಿಗಾರೆಯ ಚಿತ್ರಗಳು. ಹಸಿಗಾರೆಯ ಕೆಲಸವು ಎಷ್ಟು ನಿಷ್ಠುರವಾದುದೆಂಬುದನ್ನು ನೋಡುವವರು ಸಾಮಾನ್ಯವಾಗಿ ಅರಿಯರು. ಸುಣ್ಣದ ಗಾರೆ ಆರುವುದಕ್ಕೆ ಮೊದಲೇ ಬಣ್ಣವನ್ನು ಹಚ್ಚಬೇಕು. ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವು ತಗುಲಿ ಸುಣ್ಣವು ಕಲ್ಲಾಗುವಾಗ ಬಣ್ಣವೂ ಅದರೊಳಗೆ ಸೆರೆಯಾಗುವುದು. ಆದುದರಿಂದ ಆ ದಿನ ಬರೆದು ಮುಗಿಸಬಲ್ಲಷ್ಟೇ ಗಾರೆಯನ್ನು ಬಳಿಯತಕ್ಕದ್ದು. ಕೈ ತಪ್ಪಿತೋ, ಗಾರೆಯನ್ನೇ ಕೆತ್ತಿ ತೆಗೆಯಬೇಕು.

ಇಂದು ಇದೇ ನಗರದ ಕಾಲೇಜುಗಳಲ್ಲಿ ಡಿಜಿಟಲ್ ಚಿತ್ರವಿದ್ಯೆಯನ್ನು ಕಲಿಯುವ ತರುಣರಿಗೆ ಆ ಭಯವಿಲ್ಲ. 1957ರಲ್ಲಿ ಅಮೆರಿಕದ ರಸೆಲ್ ಕರ್ಶ್ ತನ್ನ ಕೂಸಿನ ಭಾವಚಿತ್ರವನ್ನು ಗಣಕಯಂತ್ರಕ್ಕೆ ಒಪ್ಪಿಸಿದಾಗ ಅದು ಅಡ್ಡಕ್ಕೆ 176, ಉದ್ದಕ್ಕೆ 176 ಬಿಂದುಗಳ ಒಂದು ಚೌಕವಾಗಿತ್ತು. ಈಗಿನ ಸಾಧಾರಣ ಚಿತ್ರದಲ್ಲಿಯೂ ಪ್ರತಿಯೊಂದು ಬಿಂದುವಿಗೆ ಕೆಂಪು, ಹಸುರು, ನೀಲಿಗಳ 256 ಮೆಟ್ಟಿಲುಗಳಿದ್ದು, ಮೂರೂ ಕೂಡಿ 1,67,77,216 ವರ್ಣಗಳಾಗುತ್ತವೆ. 1990ರಲ್ಲಿ ಹೊರಬಂದ ಫೋಟೋಶಾಪಿಗೆ 1994ರಲ್ಲಿ ಪದರಗಳ ಏರ್ಪಾಡೂ ಕೂಡಿತು. ಮೂಲಚಿತ್ರವನ್ನು ಮುಟ್ಟದೆ, ಅದರ ಮೇಲೆ ಪಾರದರ್ಶಕವಾದ ಹಾಳೆಯನ್ನು ಹಾಸಿದಂತೆ ಮಾಡಿ, ಬೇಕಾದುದನ್ನು ಬರೆಯಬಹುದು, ಬೇಡವಾದರೆ ತೆಗೆಯಬಹುದು.

ಇದು ಸೋಮಾರಿಗಳ ವಿದ್ಯೆಯೆಂದು ಮೂಗು ಮುರಿಯುವವರುಂಟು. ಅದು ನ್ಯಾಯವಲ್ಲ. ಚಪ್ಪಟೆಯಾದ ಭಿತ್ತಿಯಲ್ಲಿ ನೆರಳು ಬೆಳಕುಗಳಿಂದ ಆಳವನ್ನು ತೋರಿಸಿದ ಮೊಸ್ಕೇನಿಯೂ ಕಣ್ಣನ್ನು ಮರುಳುಗೊಳಿಸಿದವನೇ ಸರಿ. ಆದರೆ ಅವನೆದುರು ನಿಂತವನು ತಾನು ನೋಡುತ್ತಿರುವುದು ಬರೆದ ಚಿತ್ರವೆಂದು ಬಲ್ಲನು. ಛಾಯಾಚಿತ್ರವನ್ನಾದರೋ ಜನರು ಸಾಕ್ಷಿಯೆಂದು ನಂಬುತ್ತಾರೆ. ತೊಡಕು ಇರುವುದು ಇಲ್ಲಿ.

ಮಳೆಗಾಲದ ತೇವದಿಂದ ಬೂಷ್ಟು ಹಿಡಿದ, ಅರ್ಧ ಮುಖವೇ ಅಳಿಸಿಹೋದ ಅಜ್ಜಿಯ ಪಟವೊಂದನ್ನು ಮನೆಯವರು ಇಂತಹ ವಿದ್ಯಾರ್ಥಿಯ ಕೈಗೆ ಕೊಟ್ಟರೆನ್ನಿ. ಕಲೆಗಳನ್ನು ತೆಗೆಯುವುದು ಕೈಚಳಕ. ಇಲ್ಲದ ಕಣ್ಣನ್ನೂ ಕೆನ್ನೆಯನ್ನೂ ಇಂದಿನ ಯಂತ್ರವು ಬೇರೆ ಸಾವಿರಾರು ಮುಖಗಳನ್ನು ಕಂಡ ಅಭ್ಯಾಸದಿಂದ ಊಹಿಸಿ ತುಂಬಿಕೊಡುವುದು. ಮನೆಯವರಿಗೆ ಸಂತೋಷವೇ ಆದೀತು. ಆದರೆ ಚೌಕಟ್ಟಿನಲ್ಲಿ ನಗುವವಳು ಯಾರು? ಮೊಮ್ಮಕ್ಕಳು ಅವಳನ್ನೇ ಅಜ್ಜಿಯೆಂದು ತಿಳಿದು ಬೆಳೆಯುತ್ತಾರೆ.

ಈ ಪ್ರಶ್ನೆಯನ್ನು ಹಳೆಯ ಕಟ್ಟಡಗಳನ್ನು ಕಾಯುವವರು ಮೊದಲೇ ಎದುರಿಸಿದ್ದಾರೆ. ಬಾವುಟಗುಡ್ಡೆಯ ಚಿತ್ರಗಳನ್ನೇ 1991ರಿಂದ 1994ರವರೆಗೆ ಇಂಟ್ಯಾಕ್ ಸಂಸ್ಥೆಯವರು ಜೀರ್ಣೋದ್ಧಾರ ಮಾಡಿದರು. ಸ್ಮಾರಕಗಳನ್ನು ಕುರಿತ 1964ರ ವೆನಿಸ್ ಸನ್ನದಿನಲ್ಲಿ ಒಂದು ಕಟ್ಟಳೆಯಿದೆ: ನಷ್ಟವಾದ ಭಾಗಕ್ಕೆ ಬದಲಾಗಿ ಇಟ್ಟದ್ದು ಒಟ್ಟಿನ ರೂಪಕ್ಕೆ ಹೊಂದಿಕೆಯಾಗಿರಬೇಕು, ಆದರೂ ಮೂಲದಿಂದ ಬೇರೆಯೆಂದು ಗುರುತಿಸುವಂತಿರಬೇಕು. ಗಣಕದ ಪದರಗಳು ಈ ಕಟ್ಟಳೆಗೆಂದೇ ಹುಟ್ಟಿದವೋ ಎಂಬಂತಿವೆ. ಮೂಲ ಕೆಳಗೆ, ಊಹೆ ಮೇಲೆ. ಎರಡರ ನಡುವೆ ಗೆರೆ ಸ್ಪಷ್ಟ. ಹಸಿಗಾರೆಯವನಿಗೆ ದೊರೆಯದ ಈ ಸೌಕರ್ಯವನ್ನು ಕೈಯಲ್ಲಿ ಹಿಡಿದೂ, ಕೊನೆಗೆ ಪದರಗಳನ್ನೆಲ್ಲ ಒಂದಾಗಿ ಅಂಟಿಸಿ ನುಣುಪಾದ ಪಟವೊಂದನ್ನೇ ಒಪ್ಪಿಸಿಬಿಡುವ ವಿದ್ಯಾರ್ಥಿಯು ತನ್ನ ವಿದ್ಯೆಯ ಉತ್ತಮಾಂಶವನ್ನೇ ಕಳೆದುಕೊಂಡಂತೆ.

ಇದರಲ್ಲಿ ಅವನೊಬ್ಬನ ದೋಷವೇನೂ ಇಲ್ಲ. ಮುಗಿದ ಪಟದ ಅಂದವನ್ನಷ್ಟೇ ನೋಡಿ ಅಂಕ ಕೊಡುವ ಕಡೆ ಅವನು ಅಂದವನ್ನೇ ಕಲಿಯುವನು. ಪಟದ ಜೊತೆಗೆ ಮುಟ್ಟದ ಮೂಲವನ್ನೂ, ಎಲ್ಲಿ ಏನು ಸೇರಿತೆಂಬ ಟಿಪ್ಪಣಿಯನ್ನೂ ಅಧ್ಯಾಪಕರು ಕೇಳಿ ಪಡೆಯುವುದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ. ಅಜ್ಜಿಯ ಪಟವನ್ನು ಕೊಟ್ಟ ಮನೆಯವರೂ ಅದನ್ನೇ ಕೇಳಬಹುದು.