ಗಿಟಾರಿನ ಬೆನ್ನಿಗೆ ಬೀಟೆ: ಅಖಂಡ ಹಲಗೆ, ಪದರ ಹಲಗೆ

ಬೀಟೆ ದಕ್ಷಿಣ ಭಾರತದ ಎಲೆಯುದುರುವ ಕಾಡುಗಳ ಮರ. ಬಿಳಿಗಿರಿರಂಗನ ಬೆಟ್ಟದಿಂದ ತಮಿಳುನಾಡಿನ ತಾಳವಾಡಿ ಸೀಮೆಯನ್ನು ಬಳಸಿ ನೀಲಗಿರಿ, ವಯನಾಡಿನತ್ತ ಸಾಗುವ ಬೆಟ್ಟಸಾಲು ಅದರ ತವರುಗಳಲ್ಲಿ ಒಂದು. ಮೈಸೂರಿನ ಕುಸುರಿಗಾರರು ಬಣ್ಣಬಣ್ಣದ ಮರದ ಚೂರುಗಳನ್ನು ಕೂರಿಸುವುದು ಇದೇ ಕಪ್ಪು ಹಲಗೆಯಲ್ಲಿ. ಗಿಟಾರ್ ಜಗತ್ತಿನಲ್ಲಿ ಇದರ ಭಾಗ್ಯ ತೆರೆದದ್ದು ಬ್ರೆಜಿಲಿನ ಬೀಟೆ ದಿಮ್ಮಿಗಳು ಸಿಗುವುದು ಕಷ್ಟವಾದಾಗ. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಹೊರಳಿತು. ಅಂದಿನಿಂದ ‘ಸಾಲಿಡ್ ರೋಸ್‌ವುಡ್’ (ಅಖಂಡ ಬೀಟೆ) ಎಂಬ ಚೀಟಿ ವಾದ್ಯದ ಬೆಲೆಯನ್ನೂ ಕೊಳ್ಳುವವರ ಹಮ್ಮನ್ನೂ ಏರಿಸುತ್ತ ಬಂದಿದೆ. ಆ ಚೀಟಿಗೆ ಇರುವಷ್ಟು ಬೆಲೆ ಅದು ಹೇಳುವ ಮರಕ್ಕೆ ನಾದದಲ್ಲಿ ಇದೆಯೇ ಎಂಬುದು ಬೇರೆ ಪ್ರಶ್ನೆ.

ಅಖಂಡ ಹಲಗೆಯೆಂದರೆ ದಿಮ್ಮಿಯಿಂದ ಕೊಯ್ದು, ಸುಮಾರು ಎರಡೂವರೆ ಮಿಲಿಮೀಟರಿಗೆ ತೆಳುವಾಗಿಸಿದ ಒಂದೇ ಮರ. ಪದರ ಹಲಗೆಯಲ್ಲಿ ಸಾಮಾನ್ಯವಾಗಿ ಮೂರು ಪದರ: ಹೊರಗೆ ಮಿಲಿಮೀಟರಿಗಿಂತ ತೆಳುವಾದ ಬೀಟೆ, ನಡುವೆ ಅಗ್ಗದ ಮರ, ಒಳಗೆ ಮತ್ತೊಂದು ಪದರ, ನಡುವಿನದರ ಎಳೆ ಅಡ್ಡಡ್ಡವಾಗಿರುತ್ತದೆ.

ವಾದ್ಯದ ಮೇಲುಹಲಗೆಯಲ್ಲಿ ಈ ಅಡ್ಡಪದರ ದೊಡ್ಡ ಕೊರತೆ. ತಂತಿಯ ಕಂಪನ ಕುದುರೆಯ ಮೂಲಕ ಮೊದಲು ತಲುಪುವುದು ಅಲ್ಲಿಗೆ. ಆ ಹಲಗೆ ಹಗುರವಾಗಿರಬೇಕು, ಎಳೆಯುದ್ದಕ್ಕೆ ಬಿಗಿಯಾಗಿರಬೇಕು, ಅಡ್ಡಕ್ಕೆ ಬಳುಕಬೇಕು. ಸ್ಪ್ರೂಸ್ ಮರ ಹುಟ್ಟಿನಿಂದಲೇ ಹಾಗಿದೆ. ಅಡ್ಡಪದರ ಸೇರಿಸಿದರೆ ಈ ಗುಣ ಕೆಡುತ್ತದೆ, ಅಂಟಿನ ತೂಕ ಬೇರೆ. 1966ರ ಯಮಾಹಾ ಎಫ್‌ಜಿ-180ರಂಥ ಪದರ ಮೇಲುಹಲಗೆಯ ಗಿಟಾರುಗಳಿಗೂ ಅಭಿಮಾನಿಗಳಿದ್ದಾರೆ, ನಿಜ. ಆದರೂ ಒಟ್ಟಿನಲ್ಲಿ ಮೇಲುಹಲಗೆ ಅಖಂಡವಾಗಿರಬೇಕೆಂಬ ವಾದಕ್ಕೆ ಎದುರಾಡುವುದು ಕಷ್ಟ.

ಬೆನ್ನು ಮತ್ತು ಪಕ್ಕಗಳ ಕಥೆ ಬೇರೆ. ನಾದಕ್ಕೆ ಅವುಗಳ ಮರ ಅಷ್ಟು ಮುಖ್ಯವಲ್ಲ ಎಂಬುದನ್ನು ಸ್ಪೇನಿನ ಗಿಟಾರ್ ಕಸುಬುದಾರ ಆಂಟೋನಿಯೊ ದೆ ಟೊರೆಸ್ 1862ರಲ್ಲೇ ಮಾಡಿ ತೋರಿಸಿದ: ಮೇಲುಹಲಗೆ ಮಾತ್ರ ಒಳ್ಳೆಯ ಮರದ್ದು, ಬೆನ್ನು-ಪಕ್ಕಗಳು ಕಾಗದದ ರಟ್ಟಿನವು. ಆ ಗಿಟಾರ್ ಈಗಲೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. 2018ರಲ್ಲಿ ಪ್ರಕಟವಾದ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಪ್ರಯೋಗಕ್ಕೆಂದು ಗಿಟಾರ್ ತಯಾರಕ ರೋಜರ್ ಬಕ್ನಾಲ್ ಆರು ಗಿಟಾರುಗಳನ್ನು ಕಟ್ಟಿದರು. ಬೆನ್ನು-ಪಕ್ಕದ ಮರದ ಹೊರತು ಉಳಿದದ್ದೆಲ್ಲ ಒಂದೇ ರೀತಿ. ಬ್ರೆಜಿಲಿನ ಬೀಟೆ, ಭಾರತದ ಬೀಟೆ, ಮಹಾಗನಿ, ಮೇಪಲ್, ಸಪೇಲೆ, ವಾಲ್‌ನಟ್. 52 ವಾದಕರು ಮಬ್ಬು ಬೆಳಕಿನಲ್ಲಿ, ಕಪ್ಪು ಕನ್ನಡಕ ಹಾಕಿಕೊಂಡು ನುಡಿಸಿ ಕೊಟ್ಟ ಅಂಕಗಳು ಆರಕ್ಕೂ ಹೆಚ್ಚುಕಡಿಮೆ ಒಂದೇ. ಆರೂ ಅಖಂಡ ಮರದವೇ ಆದ್ದರಿಂದ ಪದರ ಹಲಗೆಗೆ ಇದು ನೇರ ಸಾಕ್ಷಿಯಲ್ಲ. ದುಬಾರಿ ಮರದ ಹೆಸರಿಗೆ ಕೊಡುವ ಬೆಲೆಯನ್ನು ಮಾತ್ರ ಇದು ಅಲುಗಾಡಿಸುತ್ತದೆ. ಪದರದ ಪರ ಸಾಕ್ಷಿ ಬೇಕೆಂದರೆ ಜಾಝ್ ವಾದಕ ಜಾಂಗೊ ರೈನ್‌ಹಾರ್ಟ್ ನುಡಿಸಿದ ಸೆಲ್ಮರ್ ಗಿಟಾರುಗಳಿವೆ. ಅವುಗಳ ಬೆನ್ನು-ಪಕ್ಕಗಳು ಪದರದವು. ಆ ಚುರುಕು ದನಿಯನ್ನು ಯಾರೂ ಅಗ್ಗದ್ದೆಂದು ಹೀಗಳೆದಿಲ್ಲ.

ಹಾಗೆಂದು ಅಖಂಡ ಬೀಟೆಯ ಹೆಚ್ಚುಗಾರಿಕೆ ಬರೀ ಭ್ರಮೆಯಲ್ಲ. ಬೀಟೆ ಕಂಪನವನ್ನು ಬೇಗ ನುಂಗುವುದಿಲ್ಲ, ತಟ್ಟಿದರೆ ಗಂಟೆಯಂತೆ ನಾದ ಕೊಡುತ್ತದೆ. ಕಸುಬುದಾರ ಆ ಹಲಗೆಯನ್ನು ತಟ್ಟಿ ಕೇಳುತ್ತ, ಬೇಕಾದಲ್ಲಿ ತೆಳುವಾಗಿಸಿ ತನ್ನ ವಾದ್ಯಕ್ಕೆ ಹೊಂದಿಸಬಲ್ಲ. ಅಚ್ಚಿನಲ್ಲಿ ಒತ್ತಿ ತೆಗೆದ ಪದರದಲ್ಲಿ ಹೊರಗಿನ ಬೀಟೆ ಸವೆದರೆ ಒಳಮರ ಕಾಣುತ್ತದೆ. ಕೈಚಳಕಕ್ಕೆ ಅಲ್ಲಿ ಎಡೆಯಿಲ್ಲ.

ಹವೆಯ ಲೆಕ್ಕದಲ್ಲಿ ತಕ್ಕಡಿ ಪದರದ ಕಡೆ ವಾಲುತ್ತದೆ. ಮರ ಎಳೆಗೆ ಅಡ್ಡವಾಗಿ ಹಿಗ್ಗಿ ಕುಗ್ಗುತ್ತದೆ. ತಾಳವಾಡಿಯ ತಂಪು ಬಯಲಿನಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲದ ಬಿಸಿಲಿಗೆ ಬಂದ ಅಖಂಡ ಹಲಗೆಯ ಗಿಟಾರನ್ನು ಪೆಟ್ಟಿಗೆಯೊಳಗೆ ಜೋಪಾನ ಮಾಡದಿದ್ದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟೀತು. ಪದರಗಳು ಒಂದನ್ನೊಂದು ಹಿಡಿದಿಡುವುದರಿಂದ ಆ ಭಯ ಕಡಿಮೆ. ಶಾಲೆಯ ಹುಡುಗರ ಕೈಗೆ, ಬಸ್ ಪ್ರಯಾಣಕ್ಕೆ ಪದರದ ಬೆನ್ನೇ ಬುದ್ಧಿವಂತಿಕೆ.

ಇನ್ನು ಕಾಡಿನ ಕಡೆಯ ಲೆಕ್ಕ. ಎರಡೂವರೆ ಮಿಲಿಮೀಟರಿನ ಹಲಗೆಗೆ ಅದಕ್ಕಿಂತ ದಪ್ಪವಾಗಿ ಕೊಯ್ಯಬೇಕು, ಮಿಕ್ಕದ್ದು ಗರಗಸದ ಹೊಟ್ಟು. ಪದರವನ್ನು ಅಲಗಿನಿಂದ ಸುಲಿಯುವುದರಿಂದ ಅಷ್ಟೇ ಮರದಲ್ಲಿ ಹಲವು ವಾದ್ಯಗಳಾಗುತ್ತವೆ. ಬೀಟೆ ಬೆಳೆಯುವುದು ನಿಧಾನ. ಪಟ್ಟಾ ಜಮೀನಿನ ಬೀಟೆಗೂ ರಕ್ಷಣೆ ಕೊಡಲು ತಮಿಳುನಾಡು 1994ರಲ್ಲಿ ಪ್ರತ್ಯೇಕ ಕಾಯ್ದೆ ತಂದಿತು. ತಾಳವಾಡಿಯ ಸುತ್ತಲ ಕಾಡು 2013ರಿಂದ ಸತ್ಯಮಂಗಲ ಹುಲಿ ಮೀಸಲು ಪ್ರದೇಶ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 2017ರ ಜನವರಿಯಿಂದ ಬೀಟೆಯ ಇಡೀ ಕುಲವನ್ನು ವ್ಯಾಪಾರದ ಹತೋಟಿಗೆ ತಂದು, 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಕೊಟ್ಟಿತು. ಇಂಥ ಮರವನ್ನು ನಾದಕ್ಕೆ ಅಷ್ಟಾಗಿ ಒದಗದ ಬೆನ್ನಿಗೆ ಅಖಂಡವಾಗಿ ಹಾಕಿಸುವುದು ಬಹುಪಾಲು ದೊಡ್ಡಸ್ತಿಕೆ; ನುರಿತ ಕಸುಬುದಾರ ಒಂದೊಂದಾಗಿ ಕಟ್ಟುವ ವಾದ್ಯಗಳನ್ನು ಬೇಕಾದರೆ ಹೊರಗಿಡಬಹುದು.

ಪದರ ಹಲಗೆಯ ಮೇಲೆ ಹೊರಿಸಬೇಕಾದ ನಿಜವಾದ ದೂರು ಅದರ ಮಾರಾಟದ್ದು. ‘ರೋಸ್‌ವುಡ್ ಬ್ಯಾಕ್ ಅಂಡ್ ಸೈಡ್ಸ್’ ಎಂದು ಬರೆದು ‘ಸಾಲಿಡ್’ ಎಂಬ ಮಾತನ್ನು ಬಿಟ್ಟರೆ ಬರೆದದ್ದು ಸುಳ್ಳಲ್ಲ, ಆದರೆ ಕೊಳ್ಳುವವರು ಮೋಸ ಹೋಗುತ್ತಾರೆ. ಗುರುತು ಹಿಡಿಯಲು ದಾರಿಗಳಿವೆ. ನಾದರಂಧ್ರದ ಅಂಚಿನಲ್ಲಿ ಮೇಲುಹಲಗೆಯ ಗೆರೆಗಳು ದಪ್ಪದುದ್ದಕ್ಕೂ ಕೆಳಗಿಳಿದರೆ ಅದು ಅಖಂಡ. ಬೆನ್ನಿಗೆ ಹೊರಗಿನ ಒಂದು ಎದ್ದುಕಾಣುವ ಗೆರೆಯನ್ನೋ ಗಂಟನ್ನೋ ಗುರುತಿಟ್ಟುಕೊಂಡು, ರಂಧ್ರದೊಳಗೆ ಇಣುಕಿ ಅದೇ ಜಾಗದಲ್ಲಿ ಅದರ ಜೋಡಿ ಇದೆಯೇ ನೋಡಬೇಕು. ಒಳಗೂ ಬೀಟೆಯ ಪದರವನ್ನೇ ಅಂಟಿಸುವ ತಯಾರಕರಿರುವುದರಿಂದ ಬಣ್ಣ ಹೊಂದಿದರೆ ಸಾಲದು, ಗೆರೆಯೇ ಹೊಂದಬೇಕು.