ಮೇಜು ಸಿಕ್ಕಿತು, ಒಲೆ?

ಮುಂಬಯಿಯ ಉಡುಪಿ ಹೋಟೆಲುಗಳ ಬಗ್ಗೆ ಅಭಿನಂದನ ಗ್ರಂಥ, ಪತ್ರಿಕೆ, ಭಾಷಣಗಳಲ್ಲಿ ಒಂದೇ ಕಥೆ ಓದಿ ಓದಿ ನಮಗೆ ಬಾಯಿಪಾಠವಾಗಿದೆ. ಕರಾವಳಿಯ ಬಡ ಹುಡುಗ ಬರಿಗೈಲಿ ಬರುತ್ತಾನೆ. ಹಗಲು ಲೋಟ ತೊಳೆದು ರಾತ್ರಿ ಶಾಲೆಗೆ ಹೋಗುತ್ತಾನೆ. ಮುಂದೊಂದು ದಿನ ಗಲ್ಲಾದ ಮೇಲೆ ಕೂರುತ್ತಾನೆ. ದುಡಿದವನು ಧಣಿಯಾದ ಎಂದು ಕಥೆ ಮುಗಿಯುತ್ತದೆ.

ಇದು ಸುಳ್ಳೆಂದು ನಾವು ಹೇಳುವುದಿಲ್ಲ. ಆ ಬೆವರು ನಿಜ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ತೆರೆದ ಶ್ರೀಕೃಷ್ಣ ಬೋರ್ಡಿಂಗಿನಂಥ ಕಡೆ ಎಷ್ಟೋ ಗುಮಾಸ್ತರು ಹೊಟ್ಟೆ ತುಂಬಿಸಿಕೊಂಡರು. 1966ರಲ್ಲಿ ಹುಟ್ಟಿದ ಶಿವಸೇನೆ 'ದಕ್ಷಿಣದವರು' ಎಂದು ಈ ಹೋಟೆಲುಗಳ ಮೇಲೆ ತಿರುಗಿಬಿದ್ದಾಗ, ಹೊರಗಿನವನ ಅವಮಾನ ಏನೆಂದು ಇವರೂ ಉಂಡರು. ಬರಬರುತ್ತ ಕಾಸು ಕೊಟ್ಟವನ ಜಾತಿ ಕೇಳದೆ ಒಂದೇ ಮೇಜಿಗೆ ಕೂರಿಸಿದ್ದೂ ಸಣ್ಣ ಮಾತಲ್ಲ.

ಆದರೆ ಕಥೆ ಬರೆದವರು ಒಂದು ಪ್ರಶ್ನೆ ಕೇಳಲಿಲ್ಲ. ನಮ್ಮ ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರುಗಳೂ 1956ರ ತನಕ ಮುಂಬಯಿ ರಾಜ್ಯದಲ್ಲೇ ಇದ್ದವು. ಇಲ್ಲಿನ ಕೇರಿಯ ಹುಡುಗ ಅದೇ ಲೋಟ ತೊಳೆದಿದ್ದರೆ ಗಲ್ಲಾಕ್ಕೆ ಏರುತ್ತಿದ್ದನೆ? ಬರಿಗೈ ಅಂತೀರಿ, ಆ ಕೈ ಬರಿದಿರಲಿಲ್ಲರೀ! ಬ್ರಾಹ್ಮಣರಾಗಲಿ ಬಂಟರಾಗಲಿ, ಊರವನೊಬ್ಬ ಮೊದಲೇ ಅಲ್ಲಿದ್ದ. ನೆಂಟ ಸಾಲ ಕೊಟ್ಟ. ಇವರ ಕೈಯಡಿಗೆ ಉಣ್ಣಬಹುದು ಎಂಬ ನಂಬಿಕೆಯಂತೂ ಹುಟ್ಟಿನಿಂದಲೇ ಬಂದ ಬಂಡವಾಳ.

ಅದೇ ಮುಂಬಯಿಯ ಬಟ್ಟೆಗಿರಣಿಗಳ ನೇಯ್ಗೆ ಖಾತೆಯೊಳಗೆ ನಮ್ಮವರನ್ನು ಬಿಡುತ್ತಿರಲಿಲ್ಲ. ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಿತ್ತು. ಜೊತೆಯ ಸವರ್ಣ ಕೂಲಿಗಳಿಗೆ ನಮ್ಮ ಎಂಜಲು ಮೈಲಿಗೆ. 1928ರ ಗಿರಣಿ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರರು ಇದನ್ನೇ ಎತ್ತಿ ಕೇಳಿದರು. ನಮ್ಮ ಬಾಯಿ ತಾಗಿದ ನೂಲನ್ನೇ ಸಹಿಸದವರು ನಾವು ರುಬ್ಬಿದ ಹಿಟ್ಟಿನ ಇಡ್ಲಿ ತಿನ್ನುತ್ತಿದ್ದರೆ?

ದೂರದ ಮಾತ್ಯಾಕ, ನಮ್ಮ ಕಡೆ ಪ್ಯಾಟಿಯೊಳಗ ನಡೀರಿ. ಉತ್ತರ ಕರ್ನಾಟಕದಾಗ 'ಲಿಂಗಾಯತ ಖಾನಾವಳಿ' ಎಂದು ಬೋರ್ಡು ಹಾಕಿದರೆ ಗಿರಾಕಿ ಬರುತ್ತಾರೆ. ಸವಣೂರಿನ ಖಾರಕ್ಕೆ ಊರ ಹೆಸರೇ ಸಾಕು. ನಮ್ಮ ಕೇರಿಯ ಹೆಸರಿನ ಬೋರ್ಡು ಬರೆಸಿ ರೊಟ್ಟಿ ಮಾರಲಿಕ್ಕೆ ಆದೀತೇನು? ಸಂವಿಧಾನದ 15ನೇ ವಿಧಿ ಹೋಟೆಲಿನ ಬಾಗಿಲು ತೆರೆಸಿತು. ಆ ಬಾಗಿಲಿಂದ ಒಲೆಯವರೆಗಿನ ಹತ್ತು ಹೆಜ್ಜೆ ಇನ್ನೂ ಉಳಿದಿದೆ.

ಮಾಸ್ತರರಿಗೆ ಇದು ಹೊಸದಲ್ಲ. ದಲಿತ ಹೆಣ್ಣುಮಗಳು ಬಿಸಿಯೂಟ ಬೇಯಿಸಿದಳೆಂದು ಮಕ್ಕಳಿಗೆ ಉಣ್ಣಬೇಡಿರೆಂದ ಸುದ್ದಿ ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ಬಂದಿದೆ. ಅನ್ನ ಸರಕಾರದ್ದು, ಕೈ ಮಾತ್ರ ನಮ್ಮದು. ತಕರಾರು ಕೈಗೇ.

ಆದ್ದರಿಂದ ಯಶಸ್ಸಿನ ಕಥೆ ಬರೆಯುವ ಮಹನೀಯರೆ, ಎಷ್ಟು ಮಂದಿ ಉಂಡರೆಂಬ ಲೆಕ್ಕ ಆಯಿತು. ಅಡಿಗೆಮನೆಯೊಳಗೆ ಯಾರನ್ನು ಬಿಡಲಿಲ್ಲ ಎಂಬುದನ್ನೂ ಬರೆಯಿರಿ. ಆ ಪುಟವಿಲ್ಲದ ಪುಸ್ತಕವನ್ನು ನಾವು ಅರ್ಧ ಪುಸ್ತಕವೆಂದೇ ಓದುತ್ತೇವೆ.